ಕಬ್ಬಿನ ಸೀಮೆಯಲ್ಲಿ ಪಥ್ಯ

ಸುತ್ತಲೂ ಕಬ್ಬಿನ ಹೊಲ, ಹಾದಿಯುದ್ದಕ್ಕೂ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ಮೆರವಣಿಗೆ. ಇಂತಹ ರಾಯಬಾಗ ಸೀಮೆಯ ಪಾಲಬಾವಿಯಲ್ಲಿ ಕುಳಿತು ಮಧುಮೇಹಕ್ಕೆ ಪಥ್ಯ ಮಾಡುವುದೆಂದರೆ, ಹೊಳೆಯ ನಡುವೆ ನಿಂತು ಮೈ ತೋಯಿಸಿಕೊಳ್ಳೆನೆಂದು ವ್ರತ ಹಿಡಿದಂತೆಯೇ ಸರಿ.

ತಟ್ಟೆಯ ಅರ್ಧಭಾಗ ಕಾಯಿಪಲ್ಯೆ, ಕಾಲುಭಾಗ ಕಾಳುಬೇಳೆ, ಉಳಿದ ಕಾಲುಭಾಗದಲ್ಲಿ ಮಾತ್ರ ರೊಟ್ಟಿ ಎಂಬುದು ವೈದ್ಯರ ಅಪ್ಪಣೆ. ನಮ್ಮ ಮನೆಯ ಬಿಳಿಜೋಳದ ರೊಟ್ಟಿಯಾದರೋ ತಟ್ಟೆಯ ಅಂಚನ್ನೇ ಮೀರಿ ಚಾಚಿಕೊಳ್ಳುವಂಥದಾದುದರಿಂದ, ಬಿಸಿಯಿರುವಾಗಲೇ ಅದನ್ನು ನಾಲ್ಕು ಮಡಿಕೆ ಮಡಚಿ ಆ ಕಾಲುಭಾಗದೊಳಗೆ ಪ್ರತಿಷ್ಠಾಪಿಸಿ, ಶಾಸ್ತ್ರವನ್ನು ಅಕ್ಷರಶಃ ಪರಿಪಾಲಿಸಿದ ಸಂತೃಪ್ತಿಯಿಂದ ಪುಂಡಿಪಲ್ಯೆಯೊಡನೆ ಭೋಜನ ಮುಗಿಸುತ್ತಿದ್ದೆನು.

ಬಂಧುಗಳ ಕರುಣೆಯಂತೂ ಅಪಾರ. “ಕಾಕಾ, ಡಾಕ್ಟರು ಸಕ್ಕರಿ ಬ್ಯಾಡಂದಾರ ಹೌದಲ್ರಿ, ಇದು ಬೆಲ್ಲದ ಹುಗ್ಗಿ, ಉಣ್ರಿ” ಎಂದು ಅಣ್ಣನ ಮಗಳು ತುಪ್ಪ ಸುರಿದು ಬಡಿಸುವಾಗ, ಬೆಲ್ಲವೂ ರಕ್ತಕ್ಕಿಳಿದ ಮೇಲೆ ಸಕ್ಕರೆಯೇ ಎಂಬ ಸತ್ಯವನ್ನು ನುಡಿದು ಆಕೆಯ ಮನ ನೋಯಿಸುವಷ್ಟು ನಿಷ್ಠುರನು ನಾನಲ್ಲ.

ಆದರೆ ಮೂರು ತಿಂಗಳ ಸರಾಸರಿಯನ್ನೇ ಬಯಲಿಗೆಳೆಯುವ ಎಚ್‌ಬಿಎ1ಸಿ ಎಂಬ ಚಾಡಿಕೋರ ಪರೀಕ್ಷೆಯೊಂದುಂಟು. ಮುನ್ನಾದಿನ ಮಾತ್ರ ಮಿತಾಹಾರಿಯಾಗಿ ವೈದ್ಯರನ್ನು ಒಲಿಸಿಕೊಳ್ಳುವ ನನ್ನ ಪುರಾತನ ವಿದ್ಯೆ ಅದರೆದುರು ನಿಷ್ಫಲವಾಯಿತು. “ಮಡಚಿದ್ರ ರೊಟ್ಟಿ ಸಣ್ಣದಾಗತೈತೇನ್ರಿ?” ಎಂದ ಮಡದಿ ಈಗ ಅಂಗೈಯಗಲದ ರೊಟ್ಟಿ ಬಡಿಯುತ್ತಿದ್ದಾಳೆ. ಅವುಗಳ ಸಂಖ್ಯೆಯ ಕುರಿತು ನಮ್ಮೊಳಗೆ ವಾದ ನಡೆದಿದೆ.