ಎ-ಒನ್ ಗಾಡಿ

ಆಕ್ಲೆಂಡಿನ ರಸ್ತೆಗಳಲ್ಲಿ ಓಡಾಡುವ ಕಾರುಗಳಲ್ಲಿ ಬಹಳಷ್ಟಕ್ಕೆ ಇದು ಎರಡನೇ ಜನ್ಮ. ಮೊದಲ ಜನ್ಮ ಜಪಾನಿನಲ್ಲಿ ಕಳೆದಿರುತ್ತದೆ. ಅಲ್ಲೂ ಇಲ್ಲೂ ಗಾಡಿ ಓಡುವುದು ಎಡಬದಿಯಲ್ಲೇ. ಅಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ದುಬಾರಿ ತಪಾಸಣೆ. ಅದಕ್ಕೆ ದುಡ್ಡು ಸುರಿಯುವ ಬದಲು ಎಷ್ಟೋ ಜನ ಗಾಡಿಯನ್ನೇ ಸಾಗಹಾಕುತ್ತಾರೆ. ನ್ಯೂಜಿಲೆಂಡಿನವರು 1998ರಲ್ಲಿ ಕಾರಿನ ಮೇಲಿನ ಆಮದು ಸುಂಕ ತೆಗೆದರು, ಕಾರು ಜೋಡಿಸುವ ಕಾರ್ಖಾನೆಗಳೂ ಬಾಗಿಲು ಹಾಕಿದವು. ಅಲ್ಲಿಂದಾಚೆ ಇಲ್ಲಿನವರು ಹಡಗಿನ ದಾರಿ ಕಾಯುತ್ತಾರೆ. ತಿಪಟೂರಿನಿಂದ ಅತ್ತೆ ಮಾವ ಬರುತ್ತಾರೆ, ಏಳು ಸೀಟಿನ ಗಾಡಿ ಬೇಕು ಎಂದಾದಾಗ ನಾನೂ ಆ ಸಾಲಿನಲ್ಲಿ ನಿಂತೆ.

ಇಲ್ಲಿನ ಯಾರ್ಡಿನಲ್ಲಿ ನಿಂತಿರುವ ಕಾರನ್ನು ನೋಡಿ, ಮುಟ್ಟಿ, ಓಡಿಸಿ ಕೊಳ್ಳಬಹುದಿತ್ತು. ಅದು ದಡ್ಡರ ದಾರಿ ಎಂದು ತೀರ್ಮಾನಿಸಿದ್ದೆ. ಏಜೆಂಟನ ಮೂಲಕ ಜಪಾನಿನ ಹರಾಜಿನಲ್ಲೇ ಕೂಗಿದರೆ ನಡುವಿನವರ ಲಾಭ ನಮ್ಮ ಜೇಬಿಗೆ. ಏಜೆಂಟ್ ಒಂದು ಹಾಳೆ ಕಳಿಸಿದ. ಓದಿ ಹೇಳುವುದಕ್ಕೆ ಬೇರೆ ಫೀಸು ಅಂದ.

“ರೀ, ಕೊಟ್ಟು ಓದಿಸ್ಬಾರ್ದಾ?” ಅಂದಳು ಮನೆಯವಳು.

“ನೀನು ಸುಮ್ನಿರು. ಇಂಗ್ಲಿಷ್ ಅಕ್ಷರಾನೇ ಇದಾವಲ್ಲ.”

ಹರಾಜಿನ ಹಾಳೆ ಗಾಡಿಯ ಜಾತಕವೇ ಸರಿ. ಟೋಕಿಯೋ ಪಕ್ಕದ ಚಿಬಾ ಪ್ರಾಂತದ ನೋಡಾ ಊರಿನಲ್ಲಿ ಗುರುವಾರ ನಡೆಯುವ ಯುಎಸ್‌ಎಸ್ ಹರಾಜಿನಲ್ಲಿ ಒಂದೇ ದಿನಕ್ಕೆ ಸಾವಿರಾರು ಕಾರು ಕೈ ಬದಲಾಗುತ್ತವೆ. ಒಂದೊಂದರ ಹಣೆಬರಹ ಸೆಕೆಂಡುಗಳಲ್ಲಿ ಇತ್ಯರ್ಥ. ಬಾನೆಟ್ ಎತ್ತಿ ನೋಡುವ ಪುರಸೊತ್ತು ಯಾರಿಗಿದೆ? ಹರಾಜು ಸಂಸ್ಥೆಯ ಪರೀಕ್ಷಕ ಮೊದಲೇ ನೋಡಿ ಒಂದು ಪುಟದಲ್ಲಿ ಬರೆದಿಟ್ಟದ್ದನ್ನು ನಂಬಿ ಗುಂಡಿ ಒತ್ತುತ್ತಾರೆ. ಮೂಲೆಯಲ್ಲಿ ಒಟ್ಟು ಅಂಕ, ಅದರ ಪಕ್ಕ ಒಳಾಂಗಣದ ದರ್ಜೆ, ಕೆಳಗೆ ನಾಲ್ಕೂ ಕಡೆಯಿಂದ ಬಿಡಿಸಿಟ್ಟ ಕಾರಿನ ಚಿತ್ರ, ಚಿತ್ರದ ತುಂಬ ಅಕ್ಷರ, ಅಂಕಿ.

ನನ್ನ ಹಾಳೆಯಲ್ಲಿದ್ದದ್ದು ಟೊಯೊಟಾ ವಿಶ್. ಒಟ್ಟು ಅಂಕ 3.5. ಐದಕ್ಕೆ ಮೂರೂವರೆ ಅಂದರೆ ಶೇಕಡಾ 70, ಫಸ್ಟ್ ಕ್ಲಾಸ್. ನಮ್ಮ ಮನೆತನದಲ್ಲಿ ಅಷ್ಟು ತೆಗೆದವರು ಕಡಿಮೆ. ಮಾಡೆಲ್ ಜಾಗದಲ್ಲಿ 25 ಎಂದಿತ್ತು. 2025ರ ಗಾಡಿ ಈ ಬೆಲೆಗೆ! ಚಿತ್ರ ನೋಡಿದರೆ ಮುಂದಿನ ಬಂಪರಿಗೆ ಎ1, ಎಡ ಬಾಗಿಲಿಗೆ ಎ2, ಹಿಂದಿನ ಬಾಗಿಲಿಗೆ ಮತ್ತೆ ಎ1. ಎ-ಒನ್ ಎಂದು ಅವರೇ ಬರೆದುಕೊಟ್ಟ ಮೇಲೆ ಇನ್ನೇನು ಕೇಳುವುದು? ಚಕ್ರದ ಕಮಾನಿನ ಹತ್ತಿರ ಎಸ್ ಇತ್ತು. ಎಸ್ ಅಂದರೆ ಅತ್ಯುತ್ತಮ ದರ್ಜೆ, ಹೊಸ ಗಾಡಿಗೆ ಮಾತ್ರ ಕೊಡುವುದು ಎಂದು ಎಲ್ಲೋ ಓದಿದ್ದೆ. ಕೆಳಗಡೆ ಪರೀಕ್ಷಕ ಕೈಬರಹದಲ್ಲಿ ಜಾಗ ಸಾಲದಷ್ಟು ಬರೆದಿದ್ದ. ಪಾಪ, ಹೊಗಳಿ ಹೊಗಳಿ ಕೈ ಸೋತಿರಬೇಕು. ಹರಾಜು ನಡೆಯುವ ಊರು ಸಪ್ಪೊರೊ. ಫೆಬ್ರವರಿಯ ಹಿಮ ಉತ್ಸವದ ಫೋಟೋಗಳನ್ನು ಮನೆಯವಳಿಗೆ ತೋರಿಸಿ, ತಂಪಿನಲ್ಲಿದ್ದ ಗಾಡಿ ಬೇಗ ಕೆಡುವುದಿಲ್ಲ ಎಂದು ವಿವರಿಸಿದೆ. ಅವಳು ಫೋಟೋ ಚೆನ್ನಾಗಿದೆ ಅಂದಳು.

ಹರಾಜಿನಲ್ಲಿ ನನ್ನ ಎದುರು ಹೆಚ್ಚು ಜನ ಕೂಗಲಿಲ್ಲ. ಅದನ್ನೂ ಅದೃಷ್ಟದ ಲೆಕ್ಕಕ್ಕೆ ಬರೆದುಕೊಂಡೆ.

ಹಡಗು ಬರುವವರೆಗೆ ನನ್ನ ಚಿಂತೆ ಪೂರ್ತಿ ತಿಗಣೆಯದು. ನಾರುವ ಕಂದು ತಿಗಣೆ ಸಿಕ್ಕಿತೆಂದು 2018ರ ಫೆಬ್ರವರಿಯಲ್ಲಿ ಜಪಾನಿನ ಕಾರು ತುಂಬಿದ ಹಡಗುಗಳನ್ನು ಇಲ್ಲಿಂದ ವಾಪಸ್ ಕಳಿಸಿದ್ದರು. ಈ ದೇಶದವರಿಗೆ ಹಣ್ಣಿನ ತೋಟದ ಮೇಲೆ ಅಷ್ಟು ಪ್ರೀತಿ. ನನ್ನ ಗಾಡಿಯಲ್ಲಿ ತಿಗಣೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ವಾಪಸ್ ಹೋಗುತ್ತಿತ್ತು.

ಬಂದರಿನ ತಪಾಸಣೆಯಲ್ಲಿ ಗಾಡಿಗೆ ತುಕ್ಕಿನ ಗುರುತು ಹಾಕಿದರು. ರಿಪೇರಿ ಮಾಡಿಸಿ ಪ್ರಮಾಣಪತ್ರ ತರುವವರೆಗೆ ನಂಬರ್ ಪ್ಲೇಟ್ ಇಲ್ಲ. ಫಿಜಿ ಕಡೆಯ ಒಬ್ಬ ಮೆಕ್ಯಾನಿಕ್ ಬಳಿ ಒಯ್ದೆ. ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿ, ಟಾರ್ಚು ಬಿಟ್ಟು, ಸ್ಕ್ರೂಡ್ರೈವರಿನಿಂದ ಒಂದು ಕಡೆ ಮೆಲ್ಲಗೆ ತಿವಿದ. ಹಪ್ಪಳದಷ್ಟು ಅಗಲದ ಕೆಂಪು ಚಕ್ಕೆ ನನ್ನ ಹೊಸ ಬೂಟಿನ ಮೇಲೆ ಬಿತ್ತು.

“ಹರಾಜಿನ ಹಾಳೆ ಇದೆಯಾ ಭಾಯ್?”

ಕೊಟ್ಟೆ. ಅವನು ಬನಿಯನ್ನಿಗೆ ಕೈ ಒರೆಸಿಕೊಂಡು, ಬಸ್ಸಿನ ಟೈಮ್‌ಟೇಬಲ್ ನೋಡುವಷ್ಟೇ ಹೊತ್ತು ನೋಡಿದ. ಆಮೇಲೆ ಪಾಠ ಶುರುವಾಯಿತು. ಎ ಅಂದರೆ ಗೀರು. ಎ1 ಸಣ್ಣದು, ಎ3 ದೊಡ್ಡದು. ಯು ಅಂದರೆ ತಗ್ಗು. ಡಬ್ಲ್ಯೂ ಅಂದರೆ ತಟ್ಟಿ ಬಣ್ಣ ಹೊಡೆದರೂ ಅಲೆ ಅಲೆಯಾಗಿ ಕಾಣುವ ಜಾಗ. ಎಕ್ಸ್ ಇದ್ದರೆ ಆ ಭಾಗ ಬದಲಾಯಿಸಬೇಕು, ಎರಡು ಎಕ್ಸ್ ಇದ್ದರೆ ಆಗಲೇ ಬದಲಾಯಿಸಿದ್ದಾರೆ. ಸಣ್ಣ ಗುಳಿಗೆ ಇ. ಎಸ್ ಅಂಕದ ಜಾಗದಲ್ಲಿದ್ದರೆ ಹೊಸ ಗಾಡಿ, ಚಿತ್ರದ ಮೇಲಿದ್ದರೆ ತುಕ್ಕು. ಎ ಕೂಡ ಹಾಗೆಯೇ: ಒಳಾಂಗಣಕ್ಕೆ ಕೊಟ್ಟರೆ ಮೊದಲ ದರ್ಜೆ, ಬಾಗಿಲಿಗೆ ಕೊಟ್ಟರೆ ಗೀರು.

“ಈ 25?”

“ಅವರ ಚಕ್ರವರ್ತಿಯ ಲೆಕ್ಕ. ಹೇಸೇ 25, ಅಂದರೆ 2013.”

ಈ ಹಾಳೆಯಲ್ಲಿ 3.5 ಅಂದರೆ ಫಸ್ಟ್ ಕ್ಲಾಸ್ ಅಲ್ಲ, ಕೆಲಸ ಬಾಕಿ ಇದೆ ಎಂದರ್ಥ. ದೊಡ್ಡ ಅಪಘಾತವಾಗಿ ರಿಪೇರಿ ಕಂಡ ಗಾಡಿಗೆ ಅಂಕಿಯ ಬದಲು ಆರ್ ಎಂದು ಬರೆಯುತ್ತಾರೆ. ಅದೊಂದರಿಂದ ದೇವರು ಪಾರು ಮಾಡಿದ್ದ. ಇನ್ನು ಕೈಬರಹ. ಗಾಡಿಯ ಗುಣಗಾನಕ್ಕೆ ಬೇರೆಯೇ ಚೌಕವಿದೆ, ಅದನ್ನು ಮಾರುವವನು ತುಂಬುತ್ತಾನೆ. ನನ್ನದರಲ್ಲಿ ಅದು ಹೆಚ್ಚುಕಡಿಮೆ ಖಾಲಿ. ಪರೀಕ್ಷಕನ ಚೌಕದಲ್ಲಿ ಇರುವುದೆಲ್ಲ ದೂರು: ಗಾಡಿಯ ತಳದಲ್ಲಿ ತುಕ್ಕು, ಸೀಟಿನಲ್ಲಿ ಸಿಗರೇಟು ಸುಟ್ಟ ತೂತು, ಒಳಗೆ ಹೊಗೆ ವಾಸನೆ. ಸಪ್ಪೊರೊದ ಕಡೆ ಹಿಮ ಕರಗಿಸಲು ರಸ್ತೆಗೆ ಉಪ್ಪಿನಂಥ ರಾಸಾಯನಿಕ ಸುರಿಯುತ್ತಾರೆ, ಗಾಡಿಯ ತಳ ತಿನ್ನುವುದು ಅದೇ. ಯಾರೂ ನನಗೆ ಒಂದು ಸುಳ್ಳೂ ಹೇಳಿರಲಿಲ್ಲ. ಬೈಯೋಣವೆಂದರೆ ಒಬ್ಬ ಮನುಷ್ಯ ಸಿಗಲಿಲ್ಲ.

ಏಜೆಂಟನ ಓದುವ ಫೀಸು ರಿಪೇರಿ ಬಿಲ್ಲಿನ ಮೇಲಿನ ಚಿಲ್ಲರೆಯಷ್ಟೂ ಇರಲಿಲ್ಲ. ಇದನ್ನು ಲೆಕ್ಕ ಹಾಕಿದ್ದು ನಾನಲ್ಲ, ಮನೆಯವಳು.

ಈಗ ಗಾಡಿ ಓಡುತ್ತದೆ. ಅದರ ರೇಡಿಯೊ ಜಪಾನಿನ 76ರಿಂದ 90ರವರೆಗಿನ ಎಫ್‌ಎಂಗೆ ಮಾಡಿದ್ದು, ಇಲ್ಲಿಯದು 88ರಿಂದ 108. ಹಾಡು ಬೇಕೆಂದರೆ ನಾವೇ ಹಾಡಿಕೊಳ್ಳಬೇಕು. ಕೀ ತಿರುಗಿಸಿದ ಕೂಡಲೇ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಬಲು ವಿನಯದಿಂದ ಏನೋ ಹೇಳುತ್ತಾಳೆ. ಅಲ್ಲಿನ ಹೆದ್ದಾರಿಯ ಟೋಲ್ ಯಂತ್ರ ಅದು. ಕಾರ್ಡು ಹಾಕಿಲ್ಲ ಎಂದು ನೆನಪಿಸುತ್ತದೆ. ಅತ್ತೆ ಹಿಂದಿನ ಸೀಟಿನಿಂದ “ಆಯ್ತು ತಾಯಿ, ನೀನೂ ಹುಷಾರು” ಅನ್ನುತ್ತಾರೆ. ಇಬ್ಬರಿಗೂ ಒಳ್ಳೆಯ ಹೊಂದಾಣಿಕೆ ಇದೆ.

ಅತ್ತೆ ಮಾವ ಊರಿಗೆ ಹೊರಟ ಮೇಲೆ ನಮಗೆ ಏಳು ಸೀಟು ಬೇಕಿಲ್ಲ. ಹಾಗಾಗಿ ವಿಶ್ ಮಾರಾಟಕ್ಕಿದೆ. ತಳಕ್ಕೆ ಹೊಸ ತಗಡು ಹಾಕಿಸಿದೆ, ಪ್ರಮಾಣಪತ್ರವೂ ಇದೆ. ಆಸಕ್ತಿ ಇದ್ದವರು ಬನ್ನಿ. ಹರಾಜಿನ ಹಾಳೆಯನ್ನು ನಾನೇ ಓದಿ ಹೇಳುತ್ತೇನೆ, ಫೀಸು ಬೇಡ.