ಹಾರ್ಟ್ ಅಂತಾನೇ ಬರ್ಕೊಳ್ಳಪ್ಪ

ನಮ್ಮ ಲಗ್ಗೆರೆಯಲ್ಲಿ ಮನುಷ್ಯರು ಸಾಯುವುದು ಎರಡೇ ಕಾರಣಕ್ಕೆ. ಒಂದು ಹಾರ್ಟು, ಇನ್ನೊಂದು ಟೈಮು. ಅರವತ್ತರೊಳಗೆ ಹೋದರೆ ಹಾರ್ಟು, ಅರವತ್ತು ದಾಟಿ ಹೋದರೆ ಟೈಮು ಬಂದಿತ್ತು. ವೈದ್ಯಶಾಸ್ತ್ರ ಸಾವಿರಾರು ಕಾಯಿಲೆಗಳಿಗೆ ನಂಬರು ಕೊಟ್ಟು ಪಟ್ಟಿ ಮಾಡಿಟ್ಟಿದೆಯಂತಲ್ಲ, ಅವೆಲ್ಲ ರಾಜಾಜಿನಗರದವರೆಗೆ ಬಂದು ಅಲ್ಲಿಂದಾಚೆ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿರಬೇಕು.

ನಮ್ಮ ಹಿಂದಿನ ವಠಾರದ ಕೊನೇ ಮನೆಯಾತ ಹೋದದ್ದು ಹಾರ್ಟಿನಿಂದ. ವಯಸ್ಸು 44. ಪೀಣ್ಯದಲ್ಲಿ ಪ್ಲೇಟಿಂಗ್ ಕೆಲಸ. ಒಂದೇ ರೂಮಿನ ಮನೆ. ಕಿಟಕಿ ಇದೆ, ತೆಗೆದರೆ ಪಕ್ಕದ ಬಿಲ್ಡಿಂಗಿನ ಗೋಡೆ ಕೈಗೆ ಸಿಗುತ್ತದೆ. ಎಂಟು ತಿಂಗಳು ಕೆಮ್ಮಿದ. ಬೀದಿ ತುದಿಯ ಕ್ಲಿನಿಕ್ಕಿನಲ್ಲಿ ಹೋದಾಗೆಲ್ಲ ಒಂದು ಸೂಜಿ, ಎರಡು ಬಣ್ಣದ ಮಾತ್ರೆ, ಒಂದು ಕೆಂಪು ಸಿರಪ್ಪು. ಮೈ ಇಳಿಯುತ್ತ ಹೋದಂತೆ ಮೊಳೆ ಕಾಯಿಸಿ ಬೆಲ್ಟಿಗೆ ಹೊಸ ತೂತು ಮಾಡಿಕೊಂಡ. ಕೊನೆಯ ಹೊತ್ತಿಗೆ ಅಂಥ ತೂತು ಮೂರಾಗಿದ್ದವು, ಬೆಲ್ಟಿನ ತುದಿ ಪಕ್ಕೆ ದಾಟಿ ಬೆನ್ನಿಗೆ ಹೋಗುತ್ತಿತ್ತು. ಅವನ ಕಾಯಿಲೆಗೆ ದಾಖಲೆಯೇ ಇರಲಿಲ್ಲ ಅನ್ನಬೇಡಿ. ಆ ಬೆಲ್ಟೇ ಅವನ ಕೇಸ್ ಶೀಟು. ಓದುವವರು ಸಿಕ್ಕಲಿಲ್ಲ.

ಹೋದ ದಿನ ಬೆಳಗ್ಗೆ ಬಂದ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು, ನಾಡಿ ಹಿಡಿದು, ಲೆಟರ್‌ಹೆಡ್ಡಿನ ಮೇಲೆ ‘ಹೃದಯ ಮತ್ತು ಉಸಿರಾಟ ಸ್ತಂಭನ’ ಅಂತ ಬರೆದುಕೊಟ್ಟರು. ಸುಳ್ಳೇನಲ್ಲ. ಹೃದಯ ನಿಂತಿತ್ತು, ಉಸಿರೂ ನಿಂತಿತ್ತು. ಬಸ್ಸು ಯಾಕಪ್ಪಾ ನಿಂತಿತು ಅಂದರೆ ಚಕ್ರ ತಿರುಗಲಿಲ್ಲ ಸಾರ್ ಅನ್ನುವ ಕಂಡಕ್ಟರ್ ಕೂಡ ಸುಳ್ಳು ಹೇಳಿದಂತಾಗುವುದಿಲ್ಲ. ಸಾವಿನ ಕಾರಣ ಬರೆಯುವ ಸರ್ಕಾರಿ ಫಾರಂನಲ್ಲಿ ಮೆಟ್ಟಿಲಿನಂತೆ ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಕೊನೇ ಗಳಿಗೆಯಲ್ಲಿ ಆದದ್ದು, ಅದರ ಕೆಳಗೆ ಅದು ಯಾವುದರಿಂದ ಆಯಿತು, ಅದರ ಕೆಳಗೆ ಅದಕ್ಕೂ ಕಾರಣ ಏನು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿರುವುದೇ ನಿಜವಾದ ಕಾರಣ. ಹೃದಯ ನಿಲ್ಲುವುದು ಸಾಯುವ ರೀತಿಯೇ ಹೊರತು ಸಾವಿಗೆ ಕಾರಣವಲ್ಲ, ಅದನ್ನು ಬರೆಯಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಜಿನೀವಾದಲ್ಲಿ ಕೂತು ಹೇಳುವುದು ಸುಲಭ. ಇಲ್ಲಿ ಹೆಣ ಚಟ್ಟದ ಮೇಲಿದೆ, ಊರಿಂದ ಬಂದವರು ವಾಪಸ್ ಬಸ್ಸು ಹಿಡಿಯಬೇಕು, ಚಿತಾಗಾರದವರಿಗೆ ಒಂದು ಕಾಗದ ಬೇಕು. ಆಗ ಮೆಟ್ಟಿಲು ಇಳಿಯುತ್ತ ಕೂರುವವರು ಯಾರು? ಮೊದಲ ಮೆಟ್ಟಿಲಲ್ಲೇ ಸೈನು, ಸೀಲು.

ಆಮೇಲೆ ಸಾವಿನ ನೋಂದಣಿ. ನಮ್ಮ ರಾಜ್ಯದಲ್ಲಿ ಸತ್ತವರ ಹೆಸರು ಏರಿಸುವ ತಂತ್ರಾಂಶದ ಹೆಸರು ‘ಇ-ಜನ್ಮ’. ಪುನರ್ಜನ್ಮದಲ್ಲಿ ಇಷ್ಟು ನಂಬಿಕೆಯಿಟ್ಟ ಸರ್ಕಾರ ಬೇರೆಲ್ಲೂ ಇರಲಾರದು. 2020ರಲ್ಲಿ ಇಡೀ ದೇಶದಲ್ಲಿ ನೋಂದಣಿಯಾದ ಸಾವು ಸುಮಾರು 81 ಲಕ್ಷ. ಅದರಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು 18 ಲಕ್ಷ. ಉಳಿದ 63 ಲಕ್ಷ ಜನ ಕಾರಣ ಹೇಳದೆ ರಜೆ ಹಾಕಿದವರು. ಹೇಳಿಕೊಂಡವರಲ್ಲೂ ಎಷ್ಟು ಮಂದಿಯದು ನಮ್ಮ ವಠಾರದ ಹಾರ್ಟೋ, ಚಿತ್ರಗುಪ್ತನೇ ಹೇಳಬೇಕು. ಅವನ ಇಲಾಖೆಯಲ್ಲಿ ಕೆಳಗಿನ ಸಾಲು ಖಾಲಿ ಬಿಡುವ ಪದ್ಧತಿ ಇಲ್ಲವಂತೆ.

ಇಷ್ಟಾಗಿ ಆರು ತಿಂಗಳ ಮೇಲೆ ವಠಾರಕ್ಕೆ ಒಬ್ಬ ಹುಡುಗ ಬಂದ. ಕೊರಳಲ್ಲಿ ಐಡಿ ಕಾರ್ಡು, ಬಗಲಲ್ಲಿ ಪ್ಯಾಡು. ನಮ್ಮ ಬೀದಿ ಯಾವುದೋ ಸ್ಯಾಂಪಲ್ಲಿನಲ್ಲಿ ಬಿದ್ದಿದೆಯಂತೆ. ಬಿಡಿಎ ಸೈಟಿನ ಲಾಟರಿಯಲ್ಲಿ ಒಮ್ಮೆಯೂ ಬೀಳದ ಬೀದಿ ಇದರಲ್ಲಾದರೂ ಬಿತ್ತಲ್ಲ ಅಂತ ನಾನೂ ಜತೆಗೆ ಹೋಗಿ ಕೂತೆ.

“ಅಮ್ಮಾ, ಯಜಮಾನ್ರು ಹೇಗೆ ತೀರ್ಕೊಂಡ್ರು ಅಂತ ಸ್ವಲ್ಪ ಹೇಳ್ತೀರಾ?”

ಇದಕ್ಕೆ ಮೌಖಿಕ ಶವಪರೀಕ್ಷೆ ಅನ್ನುತ್ತಾರೆ. ಶವ ಇರುವುದಿಲ್ಲ, ಪರೀಕ್ಷೆ ನಡೆಯುತ್ತದೆ. ಕೇಳಿ ನಗಬೇಡಿ, ಬಡ ದೇಶಗಳ ಸಾವಿನ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಹೀಗೆ ಹೊಸ್ತಿಲ ಮೇಲೆ ಕೂತು ಕೇಳಿ ತಿಳಿದದ್ದೇ. ನಮ್ಮ ರಿಜಿಸ್ಟ್ರಾರ್ ಜನರಲ್ ಕಚೇರಿ ಮತ್ತು ಟೊರಾಂಟೊದ ಪ್ರಭಾತ್ ಝಾ ತಂಡ ಸೇರಿ ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ಯಲ್ಲಿ ಲಕ್ಷಗಟ್ಟಲೆ ಮನೆಗಳ ಬಾಗಿಲಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಆಗ ಹೊರಬಿದ್ದದ್ದು ನೋಡಿ: ದೇಶದಲ್ಲಿ ಮಲೇರಿಯಾದಿಂದ ವರ್ಷಕ್ಕೆ 15 ಸಾವಿರ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ್ದರೆ, ಮನೆಮನೆ ಕೇಳಿದ ಲೆಕ್ಕ 2010ರಲ್ಲಿ 2 ಲಕ್ಷ ದಾಟಿತು. ಹಾವು ಕಚ್ಚಿ ಸತ್ತವರು ಆಸ್ಪತ್ರೆಗಳ ಕಡತದಲ್ಲಿ ಸಾವಿರದ ಲೆಕ್ಕದಲ್ಲಿದ್ದರೆ ಇವರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 46 ಸಾವಿರ. ಹಾವಿಗೆ ಕಚ್ಚುವುದು ಗೊತ್ತು, ಕಚ್ಚಿದವನನ್ನು ಆಸ್ಪತ್ರೆಗೆ ಸಾಗಿಸಿ ಕಡತಕ್ಕೆ ಸೇರಿಸುವುದು ಗೊತ್ತಿರಲಿಲ್ಲ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಕರ್ನಾಟಕ ಘೋಷಿಸಿದ್ದು 2024ರಲ್ಲಿ, ದೇಶದಲ್ಲಿ ನಾವೇ ಮೊದಲಂತೆ. ನಾಗಪ್ಪನಿಗೆ ತನಿ ಎರೆಯಲು ಶುರುಮಾಡಿ ಎಷ್ಟು ಶತಮಾನವಾಯಿತೋ!

ಆ ಅಧ್ಯಯನದಲ್ಲಿ ನನಗೆ ಹೊಟ್ಟೆಕಿಚ್ಚಾದ ಸಂಗತಿ ಬೇರೆ. ಫಾರಂನ ಹೌದು-ಇಲ್ಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅರ್ಧ ಪುಟ ಜಾಗ. ಅಲ್ಲಿ ಸಾವು ಹೇಗಾಯಿತು ಅಂತ ಮನೆಯವರು ಹೇಳಿದ್ದನ್ನು ಅವರ ಭಾಷೆಯಲ್ಲೇ ಬರೆಯಬೇಕು. ಅಂದರೆ ಕನ್ನಡದಲ್ಲಿ ಅರ್ಧ ಪುಟದ ಕಥೆಗಳು ರಾಶಿ ಬಿದ್ದಿವೆ! ಪ್ರತಿಯೊಂದನ್ನೂ ಆ ಭಾಷೆ ಬಲ್ಲ ಇಬ್ಬರು ಡಾಕ್ಟರು ಬೇರೆಬೇರೆ ಕೂತು ಪೂರ್ತಿ ಓದುತ್ತಾರೆ. ಇಬ್ಬರ ಅಭಿಪ್ರಾಯ ಕೂಡದಿದ್ದರೆ ಮತ್ತೊಮ್ಮೆ ಓದುತ್ತಾರೆ, ಆಗಲೂ ಕೂಡದಿದ್ದರೆ ಹಿರಿಯರೊಬ್ಬರು ಓದಿ ತೀರ್ಪು ಕೊಡುತ್ತಾರೆ. ಕನ್ನಡದ ಯಾವ ಕಥೆಗಾರನಿಗೆ ಇಬ್ಬರು ಖಾತರಿ ಓದುಗರಿದ್ದಾರೆ ಹೇಳಿ. ನಾನು ಕಳಿಸಿದ ಕಥೆಗಳನ್ನು ದೀಪಾವಳಿ ಸ್ಪರ್ಧೆಯ ತೀರ್ಪುಗಾರರು ಓದಿದ್ದಾರೆ ಅನ್ನುವುದಕ್ಕೇ ಪುರಾವೆ ಇಲ್ಲ. ಇಲ್ಲಿ ಒಂದೇ ಷರತ್ತು, ಕಥಾನಾಯಕ ಸತ್ತಿರಬೇಕು.

ಹುಡುಗ ಶುರುಮಾಡಿದ. “ಕೆಮ್ಮು ಎಷ್ಟು ದಿನ ಇತ್ತಮ್ಮಾ?”

“ದೀಪಾವಳಿಗೆ ಚಾಲೂ ಆಗಿತ್ರೀ. ಮಣ್ಣೆತ್ತಿನ ಅಮಾಸಿ ಮುಂದ ಹೋದ್ರು.” ರಾಯಚೂರು ಕಡೆಯ ಹೆಣ್ಣುಮಗಳು.

ಹುಡುಗ ಬೆರಳು ಮಡಚಿ ಎಣಿಸಿದ. ಹಬ್ಬದಿಂದ ಹಬ್ಬಕ್ಕೆ ಅನ್ನುವ ಕಾಲಮ್ಮು ಫಾರಂನಲ್ಲಿ ಇಲ್ಲ, ದಿನಗಳಲ್ಲಿ ಬರೆಯಬೇಕು. 240 ಅಂತ ಬರೆದ.

“ಕಫದಲ್ಲಿ ರಕ್ತ ಬೀಳ್ತಿತ್ತಾ?”

“ಬೀಳ್ತಿತ್ರೀ. ಟವೆಲ್ ನಾನs ತೊಳೀತಿದ್ದೆ.”

“ಡಾಕ್ಟ್ರಿಗೆ ಹೇಳಿದ್ರಾ?”

“ಅವ್ರು ಕೇಳಲಿಲ್ರೀ.”

ಈ ಎರಡು ಪದಗಳ ಉತ್ತರಕ್ಕೆ ನಮ್ಮಲ್ಲಿ ಅಂತರರಾಷ್ಟ್ರೀಯ ಇತಿಹಾಸವಿದೆ. 1959ರಲ್ಲಿ ಇದೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆಯಿತು, ಮರುವರ್ಷ ನೆಹರೂ ಬಂದು ಉದ್ಘಾಟಿಸಿದರು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಹಿಡಿದವರನ್ನು ಮಾತಾಡಿಸಿದರು. ಬಡವರಿಗೆ ತಿಳಿವಳಿಕೆ ಇಲ್ಲ, ಮಂತ್ರ ಮಾಟ ಅಂತ ಅಲೆಯುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ ಅನ್ನುವುದು ಆಗಿನ ಓದಿದವರ ನಂಬಿಕೆ. 1963ರಲ್ಲಿ ಪ್ರಕಟವಾದ ಉತ್ತರ ಉಲ್ಟಾ ಹೊಡೆಯಿತು. ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕರ್ಧ ಜನ ಆಗಲೇ ಡಾಕ್ಟರ ಬಾಗಿಲಿಗೆ ಹೋಗಿಯೂ ಬಂದಿದ್ದರು, ಕೈಯಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಹಿಡಿದುಕೊಂಡು. ತಿಳಿವಳಿಕೆ ಮೂಡಿಸಬೇಕಾದದ್ದು ಯಾರಿಗೆ ಅನ್ನುವುದು ಅಂದೇ ಗೊತ್ತಾಯಿತು. ಹಾಗಾಗಿಯೇ ಇಂದಿಗೂ ರೋಗಿಗಳಿಗೇ ಜಾಗೃತಿ ಶಿಬಿರ ನಡೆಯುತ್ತದೆ. ಬಾಟಲಿ ಮಾತ್ರ ಸುಧಾರಿಸಿದೆ. ಆಗ ಗಾಜು, ಈಗ ಪ್ಲಾಸ್ಟಿಕ್.

ಅದೇ ಸಂಸ್ಥೆಯವರು 1961ರಿಂದ 68ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮತ್ತೆ ಮತ್ತೆ ತಪಾಸಣೆ ಮಾಡಿದರು. ಕ್ಷಯ ನಿಯಂತ್ರಣ ಕಾರ್ಯಕ್ರಮ ಇನ್ನೂ ಕಾಲಿಡದ ಹಳ್ಳಿಗಳವು. ರೋಗ ಪತ್ತೆಯಾದವರು ಐದು ವರ್ಷದ ಕೊನೆಗೆ ಏನಾದರು? ನೂರಕ್ಕೆ 49 ಮಂದಿ ಸತ್ತಿದ್ದರು, 18 ಮಂದಿ ಇನ್ನೂ ಕಫದಲ್ಲಿ ಕ್ರಿಮಿ ಇಟ್ಟುಕೊಂಡೇ ಓಡಾಡುತ್ತಿದ್ದರು, 33 ಮಂದಿ ತಾವಾಗಿಯೇ ಗುಣವಾಗಿದ್ದರು. ಕ್ಷಯವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಅಂತ ಜಗತ್ತಿನ ಯಾವುದೇ ಮೂಲೆಯ ಕ್ಷಯತಜ್ಞರನ್ನು ಕೇಳಿ, ಹೆಚ್ಚೂಕಡಿಮೆ ಈ ಅಂಕಿಯನ್ನೇ ಹೇಳುತ್ತಾರೆ. ಕೆಂಪೇಗೌಡರು ಕಟ್ಟಿದ ಸೀಮೆಯ ರೈತರು ವಿಶ್ವವಿಜ್ಞಾನಕ್ಕೆ ಕೊಟ್ಟ ಕೊಡುಗೆ ಇದು. ಐಟಿ-ಬಿಟಿ ಆಮೇಲೆ ಬಂತು.

ಮಲೆನಾಡಿನವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ. 1957ರಲ್ಲಿ ಮಂಗಗಳೂ ಮನುಷ್ಯರೂ ಸತ್ತ ಕ್ಯಾಸನೂರು ಕಾಡಿನ ಹೆಸರು ವೈರಸ್ಸಿಗೇ ನಿಂತಿತು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ, ಮಂಡಿಯ ಕೀಲು ಸವೆದು ಜನ ನೆಲ ಹಿಡಿದಾಗ ಅದು ‘ಹಂದಿಗೋಡು ಸಿಂಡ್ರೋಮ್’ ಆಯಿತು. ಲಗ್ಗೆರೆಗೆ ಆ ಯೋಗ ಇನ್ನೂ ಬಂದಿಲ್ಲ. ಬರುವುದೂ ಬೇಡ, ಸೈಟಿನ ರೇಟು ಬಿದ್ದುಹೋಗುತ್ತದೆ. ಸದ್ಯಕ್ಕೆ ಇಂಗ್ಲಿಷ್ ವರದಿಗಳಲ್ಲಿ ನಾವೆಲ್ಲ ‘ಲೋ ರಿಸೋರ್ಸ್ ಸೆಟ್ಟಿಂಗ್’ ಅನ್ನುವ ಮರ್ಯಾದೆಯ ಹೆಸರಲ್ಲಿ ಬದುಕಿ, ಅದೇ ಹೆಸರಲ್ಲಿ ಸಾಯುತ್ತೇವೆ. ಸೆಟ್ಟಿಂಗ್ ಅಂದರೆ ನಮ್ಮ ಬೀದಿಯವರಿಗೆ ಲೇತ್ ಮೆಷಿನ್ನಿನ ಸೆಟ್ಟಿಂಗು. ಅಂಥ ವರದಿ ಓದಲು ಎಷ್ಟೋ ಪತ್ರಿಕೆಗಳು ಮೂವತ್ತು ಚಿಲ್ಲರೆ ಡಾಲರ್ ಕೇಳುತ್ತವೆ. ನಾವು ಯಾಕೆ ಸತ್ತೆವು ಅಂತ ನಾವೇ ತಿಳಿಯಬೇಕಾದರೆ ಅರ್ಧ ತಿಂಗಳ ಬಾಡಿಗೆ ಆಚೆ ತೆಗೆಯಬೇಕು.

ಲೆಕ್ಕ ಸಿಕ್ಕರೂ ಒಪ್ಪಬೇಕಲ್ಲ. 2021ರ ಏಪ್ರಿಲ್, ಮೇನಲ್ಲಿ ಇಲ್ಲೇ ಪಕ್ಕದ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬ್ಯುಲೆನ್ಸುಗಳು ಪೆಟ್ರೋಲ್ ಬಂಕಿನ ಕ್ಯೂ ತರ ನಿಂತಿದ್ದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್‌ನ ಆ ಎರಡು ವರ್ಷಗಳಲ್ಲಿ ಭಾರತದಲ್ಲಿ ವಾಡಿಕೆಗಿಂತ ಹೆಚ್ಚಿಗೆ ಸತ್ತವರು 47 ಲಕ್ಷ ಅಂದಿತು. ಸರ್ಕಾರದ ಲೆಕ್ಕ 4.8 ಲಕ್ಷ. ನಿಮ್ಮ ಗಣಿತವೇ ಸರಿಯಿಲ್ಲ ಅಂತ ದೆಹಲಿ ಸಿಟ್ಟಾಯಿತು. ಮೂರು ವರ್ಷ ಬಿಟ್ಟು 2025ರಲ್ಲಿ ಸರ್ಕಾರ ತಾನೇ ಸದ್ದಿಲ್ಲದೆ ಹೊರಬಿಟ್ಟ ನೋಂದಣಿ ಲೆಕ್ಕದಲ್ಲಿ, 2020ರಲ್ಲಿ 81 ಲಕ್ಷವಿದ್ದ ಸಾವು 2021ರಲ್ಲಿ 1 ಕೋಟಿ 2 ಲಕ್ಷ. ಆ ವರ್ಷ ಬಹಳ ಜನರಿಗೆ ಒಟ್ಟಿಗೇ ಟೈಮು ಬಂದಿತ್ತು ಅಂತ ಕಾಣುತ್ತದೆ.

ಇತ್ತ ವಠಾರದಲ್ಲಿ ಅರ್ಧ ಪುಟದ ಕಥೆ ಮುಗಿಯುತ್ತಾ ಬಂದಿತ್ತು. ಹೆಣ್ಣುಮಗಳು ಬೆಲ್ಟು ತಂದು ತೋರಿಸಿದಳು. ಹುಡುಗ ತೂತುಗಳನ್ನು ಬೆರಳಿಟ್ಟು ನೋಡಿ, ‘ತೂಕ ಇಳಿದಿತ್ತೇ?’ ಅನ್ನುವಲ್ಲಿ ಹೌದು ಅಂತ ಟಿಕ್ ಹಾಕಿದ. ನನಗೆ ಆ ಹುಡುಗನ ಮೇಲೆ ಗೌರವ ಬಂತು. ಇಷ್ಟು ತಿಂಗಳಲ್ಲಿ ಆ ಬೆಲ್ಟನ್ನು ಮುಟ್ಟಿ ನೋಡಿದ ಮೊದಲನೆಯವನು ಅವನೇ.

ಅಷ್ಟರಲ್ಲಿ ಮೇಲಿನ ಮನೆಯಿಂದ ಓನರಮ್ಮ ಇಳಿದು ಬಂದರು.

“ಏನಪ್ಪಾ, ರಕ್ತ ಗಿಕ್ತ ಅಂತ ಏನೋ ಬರ್ಕೊತಿದ್ದೀಯಂತೆ?”

“ಕಾರಣ ಗೊತ್ತಾಗ್ಬೇಕಲ್ಲ ಆಂಟಿ. ಇದು ಟಿ.ಬಿ. ಇರಬಹುದು. ಡಾಕ್ಟ್ರು ಓದಿ ಡಿಸೈಡ್ ಮಾಡ್ತಾರೆ.”

“ಡಾಕ್ಟ್ರು ಆಗ್ಲೇ ಬರ್ದುಕೊಟ್ಟಿಲ್ವಾ, ಹಾರ್ಟು ಅಂತ? ಸೀಲ್ ಇದೆ. ನೋಡಪ್ಪಾ, ಇವಳು ಈ ತಿಂಗಳು ಊರಿಗೆ ಹೊರಡ್ತಾಳೆ. ಟಿ.ಬಿ. ಅಂತ ಬೀದಿಗೆ ಗೊತ್ತಾದ್ರೆ ಈ ಮನೆಗೆ ಯಾರು ಬರ್ತಾರೆ? ನೀನು ಬಂದು ಇರ್ತೀಯಾ? ಹಾರ್ಟ್ ಅಂತಾನೇ ಬರ್ಕೊಳ್ಳಪ್ಪ. ಹಾರ್ಟು ದೊಡ್ಡೋರಿಗೂ ಆಗುತ್ತೆ.”

ಇಬ್ಬರು ಡಾಕ್ಟರು ಒಪ್ಪದಿದ್ದರೆ ತೀರ್ಪು ಕೊಡುವ ಮೂರನೆಯವರು ಯಾರು ಅನ್ನುವುದು ನನಗೆ ಆಗ ಗೊತ್ತಾಯಿತು. ಹುಡುಗ ಏನೂ ಅನ್ನದೆ ಫಾರಂ ಮಡಚಿ ಬ್ಯಾಗಿಗೆ ಹಾಕಿದ. ಓನರಮ್ಮ ಒಳಗಿನಿಂದ ಸೀರೆ ಡಬ್ಬಿಯ ರಟ್ಟೊಂದನ್ನು ಹರಿದು ತಂದರು.

“ನಿನ್ನ ಅಕ್ಷರ ಚೆನ್ನಾಗಿದೆ ಕಣಪ್ಪಾ. ಹೇಗೂ ಪೆನ್ನು ತೆಗ್ದಿದ್ದೀಯ. ‘ಮನೆ ಬಾಡಿಗೆಗೆ ಇದೆ’ ಅಂತ ದೊಡ್ಡದಾಗಿ ಬರ್ದುಕೊಟ್ಬಿಡು. ಕೆಳಗೆ ‘ಗಾಳಿ ಬೆಳಕು ಚೆನ್ನಾಗಿದೆ’ ಅಂತಲೂ ಸೇರಿಸು.”

ಹುಡುಗ ಒಂದು ಗಳಿಗೆ ಆ ಕಿಟಕಿ ಕಡೆ ನೋಡಿದ. ಆಮೇಲೆ ಬರೆದುಕೊಟ್ಟ.