ಉತ್ನೂರಿನ ಬೂದಿಗುಡ್ಡವೂ ಮೋಟಾರು ಮನೆಯ ಮೂಲವೂ

ಒಳಗೇ ಹಾಸಿಗೆ, ಒಲೆ, ಶೌಚಾಲಯ ಹೊತ್ತು ತಿರುಗುವ ಮೋಟಾರು ಮನೆ ಪಶ್ಚಿಮದವರ ಕಾಣಿಕೆಯೆಂದು ಲೋಕ ನಂಬಿದೆ. ಫ್ರಾನ್ಸಿನ ವೆಜೇರ್ ಕಣಿವೆಯ ಗುಹೆಗಳ ಮುಂದೆ ಅಂಥ ಗಾಡಿಗಳು ಸಾಲುಗಟ್ಟುವುದೇ ಅದಕ್ಕೆ ಪುರಾವೆಯಂತೆ. ಆದರೆ ಗುಹೆ ಸಿಕ್ಕವನಿಗೆ ಗಾಡಿ ಯಾಕೆ ಬೇಕು? ತೆಲಂಗಾಣದ ಕೃಷ್ಣಾ ತೀರದ ನಾರಾಯಣಪೇಟೆ, ಮಖ್ತಲ್ ಸೀಮೆಯದು ಗ್ರಾನೈಟ್ ನೆಲ. ಸುಣ್ಣಕಲ್ಲಿನ ಹಾಗೆ ನೀರಿಗೆ ಕರಗಿ ಗುಹೆಯಾಗಿ ಕೊಡುವ ಸೌಜನ್ಯ ಈ ಕಲ್ಲಿಗಿಲ್ಲ. ಬಂಡೆಗೆ ಬಂಡೆ ಒರಗಿ ನಾಲ್ಕು ಜನಕ್ಕೆ ನೆರಳಾದರೆ ಅದೇ ಹೆಚ್ಚು. ಗುಹೆ ಸಿಗದ ಕೃಷ್ಣಾ ತೀರದವರೇ ಮನೆಯನ್ನು ಜೊತೆಗೆ ಒಯ್ಯುವುದನ್ನು ಲೋಕಕ್ಕೆ ಕಲಿಸಿದರೆಂಬುದು ಈ ಪ್ರಬಂಧದ ವಾದ.

ಮುಖ್ಯ ಸಾಕ್ಷಿ, ಹಳೆಯ ಮಹಬೂಬನಗರ ಜಿಲ್ಲೆಯ ಉತ್ನೂರಿನ ಬೂದಿಗುಡ್ಡ. ದಖನ್ನಿನ ಇಂಥ ಗುಡ್ಡಗಳನ್ನು ಜನ ರಾಕ್ಷಸರ ಚಿತೆಯ ಬೂದಿ ಎಂದರು. ಬಳ್ಳಾರಿ ಕಡೆಯ ಕುಡತಿನಿಯದಂತೂ ಹಿಡಿಂಬನದೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದು ಸುಟ್ಟ ಸಗಣಿ ಎಂದು ಹೇಳಿ ರಾಕ್ಷಸರ ಮಾನ ಕಳೆದ. 1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಉತ್ನೂರನ್ನು ಅಗೆದಾಗ ಮರದ ದಿಮ್ಮಿಗಳ ದೊಡ್ಡಿ, ದನದ ಗೊರಸಿನ ಗುರುತು, ಮತ್ತೆ ಮತ್ತೆ ಸುಟ್ಟ ಸಗಣಿಯ ಪದರಗಳು ಸಿಕ್ಕವು. ನವಶಿಲಾಯುಗದ ದನಗಾಹಿಗಳ ದೊಡ್ಡಿ ಇದೆಂದು ಆತ ತೀರ್ಮಾನಿಸಿ ಅಲ್ಲಿಗೇ ನಿಂತ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಸತ್ಯ ಸಿಗುತ್ತಿತ್ತು. ಬೇಲಿ ಹಾಕಿದ ಬಯಲು, ರಾತ್ರಿ ತಂಗುವ ಸಾಲು, ಮೂಲೆಯಲ್ಲಿ ಹೊಲಸು ಖಾಲಿ ಮಾಡುವ ಜಾಗ: ಇದು ಮೋಟಾರು ಮನೆಗಳ ತಂಗುದಾಣವಲ್ಲದೆ ಮತ್ತೇನು?

ಚಕ್ರವೇ ಸಿಕ್ಕಿಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ಚಕ್ರ ಬೇಕಾದದ್ದು ತಾನಾಗಿ ನಡೆಯಲಾರದ ಗಾಡಿಗೆ. ಇಲ್ಲಿ ಗಾಡಿಗೇ ನಾಲ್ಕು ಕಾಲು, ಇಂಧನ ದಾರಿಬದಿಯ ಹುಲ್ಲು. ರಾಯಚೂರು ಕಡೆಯ ಪಿಕ್ಲಿಹಾಳದ ಬಂಡೆಗಳ ಮೇಲಿನ ಡುಬ್ಬದ ಹೋರಿಗಳನ್ನು ಕಲೆಯೆಂದು ಹೊಗಳುವವರು ಒಮ್ಮೆ ವಾಹನ ಮಾರಾಟದ ಅಂಗಡಿಯ ಗೋಡೆ ನೋಡಲಿ. ಗದ್ವಾಲದ ಕೋಟೆಯನ್ನು ತೋರಿಸಿ, ಈ ಸೀಮೆಯವರು ಬೇರೂರಿ ಬಾಳಿದವರು ಎನ್ನುವವರೂ ಉಂಟು. ದೊರೆ ಸೋಮನಾದ್ರಿಯ ಆ ಕೋಟೆ ತೀರ ಈಚಿನದು. ಅದರೊಳಗೆ ಕಾಲೇಜು ನಡೆದರೂ ಕೋಟೆ ನಡೆಯಲಿಲ್ಲ. ಊರೂರು ತಿರುಗಿದ್ದು ಗದ್ವಾಲದ ಸೀರೆ.

ಇನ್ನು ದಾರಿ ತೋರುವ ಸಾಧನ. ಕೃಷ್ಣಾ ಮಂಡಲದ ಮುಡುಮಾಲದಲ್ಲಿ ಹತ್ತರಿಂದ ಹದಿನಾಲ್ಕು ಅಡಿಯ ನಿಲುವುಗಲ್ಲುಗಳಿವೆ, ಒಂದು ಕಲ್ಲಿನ ಮೇಲೆ ಸಪ್ತರ್ಷಿ ಮಂಡಲದ ಕುಳಿಗಳಿವೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಕಲ್ಲಿನ ನೆರಳಿನಿಂದ ಋತು ಅಳೆಯುತ್ತಿದ್ದರೆಂದು ವಿದ್ವಾಂಸರು ಹೇಳುತ್ತಾರೆ. ಮೇವಿರುವ ದಿಕ್ಕಿಗೆ ಯಾವಾಗ ಹೊರಡಬೇಕೆಂದು ತಿಳಿಯಲು ಎಂದು ಸೇರಿಸಿದರೆ ಆ ಮಾತು ಪೂರ್ಣವಾಗುತ್ತದೆ. ಉತ್ನೂರಿಗೂ ಮುಡುಮಾಲಕ್ಕೂ ನಡುವೆ ಹಲವು ಶತಮಾನಗಳ ಅಂತರವಿದೆ, ನಿಜ. ನಿಲ್ದಾಣ ಆಗಿ, ಅದರ ಫಲಕ ಬರುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂದು ಬಲ್ಲ ಓದುಗರಿಗೆ ಇದು ತೊಡಕಾಗದು.

ಕೊನೆಯ ಆಕ್ಷೇಪ ತುಸು ಗಂಭೀರದ್ದು: ಮೋಟಾರು ಮನೆ ವಿಹಾರಕ್ಕೆ, ದನಗಾಹಿ ತಿರುಗಿದ್ದು ಹೊಟ್ಟೆಪಾಡಿಗೆ. ಹಾಗಾದರೆ ಲೆಕ್ಕ ನೋಡೋಣ. ಇಂದಿನ ವಿಹಾರಿ ರಾತ್ರಿ ನಿಲ್ಲಲು ಬಾಡಿಗೆ ಕೊಟ್ಟು, ಹೊಲಸು ಸುರಿಯಲು ಮತ್ತೆ ಕಾಸು ತೆರುತ್ತಾನೆ. ಹೊಲದಲ್ಲಿ ಕುರಿಮಂದೆ ತರುಬಿಸಿದ ಕುರುಬನಿಗೆ ರೈತನೇ ಕಾಳು, ದುಡ್ಡು ಕೊಡುತ್ತಾನೆ, ಹಿಕ್ಕೆ ಬಿದ್ದಷ್ಟೂ ಖುಷಿಪಡುತ್ತಾನೆ. ಇನ್ನು, ಅಣೆಕಟ್ಟು, ರಸ್ತೆ ಕಟ್ಟಲು ದೇಶವೆಲ್ಲ ತಿರುಗಿದ ಪಾಲಮೂರಿನ, ಅಂದರೆ ಇದೇ ಮಹಬೂಬನಗರದ, ಕೂಲಿಗಳು ಮಕ್ಕಳು, ಪಾತ್ರೆ, ಕಟ್ಟಿಗೆ ಸಮೇತ ಲಾರಿ ಹತ್ತಿದಾಗ ಅದನ್ನು ಯಾರೂ ಮೋಟಾರು ಮನೆ ಎನ್ನಲಿಲ್ಲ. ಮೋಟಾರೂ ಇತ್ತು, ಮನೆಯೂ ಇತ್ತು. ಯಾವ ಲಕ್ಷಣ ಕಡಿಮೆಯಾಯಿತೆಂದು ಆಕ್ಷೇಪಿಸುವವರೇ ಹೇಳಬೇಕು.